ಮಸ್ಕಿ ಗುಡ್ಡದ ಮೇಲೆ ನನ್ನ ನಾಲ್ಕು ನಿಮಿಷ

ಪರ್ವತ ಹತ್ತುವುದು ಸುಲಭ. ಇದನ್ನು ನಾನು ಹದಿನಾಲ್ಕು ವರ್ಷ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು ಅವು. ನಾನು ಲಿಂಗಸುಗೂರಿನ ಶಾಲೆಯೊಂದರಲ್ಲಿ ಜುಗರಾಫಿಯಾ ಮಾಸ್ತರನಾಗಿದ್ದೆ. ಜುಗರಾಫಿಯಾ ಅಂದರೆ ಬೇರೇನಲ್ಲ, ಭೂಗೋಳ. ಆಗ ನಮ್ಮ ಪಾಠಗಳೆಲ್ಲ ಉರ್ದುವಿನಲ್ಲೇ ನಡೆಯುತ್ತಿದ್ದವು. ಗೋಡೆಗೆ ನಕಾಶೆ ನೇತುಹಾಕಿ, ಬೆತ್ತದ ತುದಿಯನ್ನು ಹಿಮಾಲಯದ ಬುಡಕ್ಕೆ ಇಟ್ಟು, ಒಂದೇ ಉಸಿರಿನಲ್ಲಿ ಶಿಖರ ಮುಟ್ಟಿಸಿ, ಆ ಕಡೆ ಟಿಬೆಟ್ಟಿಗೆ ಇಳಿಸಿಬಿಡುತ್ತಿದ್ದೆ. ದಿನಕ್ಕೆ ಎರಡು ಕ್ಲಾಸು, ಎರಡು ಸಲ ಹಿಮಾಲಯ. ಕಾಲಿಗೆ ಒಂದು ನೆಗ್ಗಿಲ ಮುಳ್ಳೂ ನಟ್ಟಿರಲಿಲ್ಲ!

ಪಾಠ ಮುಗಿದ ಮೇಲೆ ಕಿಟಕಿಯಲ್ಲಿ ನಿಲ್ಲುವುದು ನನ್ನ ಚಟ. ಹೊರಗೆ ಜೋಳದ ಹೊಲಗಳ ಮೇಲೆ ಮೋಡದ ನೆರಳು ಮೆಲ್ಲಗೆ ಹರಿದು ಹೋಗುತ್ತಿತ್ತು. ಎಲ್ಲರಿಗೂ ಹೊಲ ಕಾಣುತ್ತಿತ್ತು. ನನಗೆ ಮಾತ್ರ ಅಲ್ಲಿ ಬೆಳ್ಳಗೆ ಹಿಮ ಬಿದ್ದಿರುತ್ತಿತ್ತು, ಹಿಮದ ಮೇಲೆ ಒಂದೇ ಒಂದು ಸಾಲು ಹೆಜ್ಜೆ ಗುರುತು, ಆ ಹೆಜ್ಜೆಗಳ ತುದಿಯಲ್ಲಿ ನಾನು. ಹೆಡ್ ಮಾಸ್ತರರು ಬಂದು ಹೆಗಲು ಅಲುಗಿಸುವವರೆಗೂ ನಾನು ಇಳಿಯುತ್ತಿರಲಿಲ್ಲ.

ಈ ಕಾಯಿಲೆ ಕೈಮೀರಿದ್ದು ಒಂದು ಸಿನಿಮಾ ಡೇರೆಯಲ್ಲಿ. ದೊಡ್ಡ ಆಟಕ್ಕೆ ಮುಂಚೆ ಒಂದು ತುಂಡು ಫಿಲಂ ತೋರಿಸಿದರು. ನಾಲ್ಕು ಜನ ಬಿಳೀ ದೊರೆಗಳು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹಿಮದ ಗುಡ್ಡ ಹತ್ತುತ್ತಿದ್ದರು. ತುದಿ ಮುಟ್ಟಿದ ಮೇಲೆ ಒಬ್ಬ ತಿರುಗಿ ನಿಂತು ನಮ್ಮ ಕಡೆ ನೋಡಿದ. ಗಾಳಿಗೆ ಅವನ ಕೊರಳಿನ ಮಫ್ಲರು ಹಾರುತ್ತಿತ್ತು. ಅಷ್ಟೇ. ದೊಡ್ಡ ಆಟದಲ್ಲಿ ರಾಜ ಯಾರು, ರಾಣಿ ಯಾರು, ನನಗೆ ಗೊತ್ತಾಗಲೇ ಇಲ್ಲ. ಮನೆಗೆ ಬರುವಾಗ ಹೆಂಡತಿ ನೀಲಮ್ಮನಿಗೆ ಹೇಳಿದೆ:

"ನೀಲಾ, ನಾನೂ ಒಂದು ಫಿಲಂ ತಗಸ್ತೀನಿ. ಗುಡ್ಡ ಹತ್ತೋದು."

"ಮೊದಲು ಅಟ್ಟ ಹತ್ತಿ ಒಲೀಗೆ ಕುಳ್ಳು ಇಳಿಸಿ ಕೊಡ್ರಿ. ಮೂರು ದಿನದಿಂದ ಹೇಳಾಕತ್ತೀನಿ," ಅಂದಳು.

ದೊಡ್ಡ ಕನಸುಗಳಿಗೆ ಮನೆಯಲ್ಲಿ ಸಿಗುವ ಮರ್ಯಾದೆ ಇಷ್ಟೇ!

ಆದರೆ ದೈವ ನನ್ನ ಕಡೆಗಿತ್ತು. ಸಿಂಧನೂರಿನಲ್ಲಿ ಹುಸೇನಸಾಬ ಅಂತ ನನ್ನ ಗೆಳೆಯ. ಇಬ್ಬರೂ ಒಂದೇ ಹಲಗೆಯ ಮೇಲೆ ಕೂತು ಉರ್ದುವಿನ ಅಲಿಫ್ ಬೇ ಕಲಿತವರು. ಅವನು ಫೋಟೋ ತೆಗೆಯುವವನು. ಮದುವೆಯಾಗಲಿ, ಹೊಸ ಎತ್ತಾಗಲಿ, ಕರೀ ಬಟ್ಟೆಯೊಳಗೆ ತಲೆ ತೂರಿಸಿ ಫೋಟೋ ತೆಗೆಯುತ್ತಿದ್ದ. ಯುದ್ಧ ಮುಗಿದ ಹೊಸತರಲ್ಲಿ ವಿಲಾಯತಿಗೆ ಹೊರಟಿದ್ದ ಒಬ್ಬ ದೊರೆಯಿಂದ ಅವನು ಒಂದು ಸಿನಿಮಾ ಕ್ಯಾಮರಾ ಕೊಂಡಿದ್ದ. ಇಟ್ಟಿಗೆಯಷ್ಟು ದಪ್ಪದ ಕರೀ ಡಬ್ಬಿ. ಗಡಿಯಾರಕ್ಕೆ ಕೊಟ್ಟಂತೆ ಚಾವಿ ಕೊಡಬೇಕು. ಗುಂಡಿ ಒತ್ತಿದರೆ ಕರ್ರ್ ಅಂತ ಸದ್ದು ಮಾಡುತ್ತ ತಾನೇ ಓಡುತ್ತದೆ. ಅದರ ಜೊತೆಗೆ ಬಂದಿದ್ದು ಕೈಯಿಂದ ತಿರುಗಿಸುವ ಒಂದು ತೋರಿಸುವ ಮಷೀನು, ಮತ್ತು ಒಂದೇ ಒಂದು ರೀಲು. ಇನ್ನೊಂದು ಬೇಕೆಂದರೆ ಮುಂಬೈಯಲ್ಲೂ ಸಿಗದ ಕಾಲ.

ದಸರಾ ರಜೆಗೆ ಮೊದಲು ನಾನು ಅವನ ಮುಂದೆ ಹೋಗಿ ಕೂತೆ. ನನ್ನ ಕನಸನ್ನೆಲ್ಲ ಹೇಳಿದೆ. ಹುಸೇನಸಾಬ ಬಹಳ ಹೊತ್ತು ಗಡ್ಡ ಕೆರೆದುಕೊಂಡ.

"ಮಾಸ್ತರ್, ರೀಲು ನಾಕು ನಿಮಿಷದ್ದೈತಿ. ಇದನ್ನ ನಾ ನಮ್ಮ ಅಮ್ಮೀ ಸಲುವಾಗಿ ಇಟ್ಕೊಂಡೀನಿ. ಬರೋ ವಾರ ಆಕೀ ಹಜ್‌ಗೆ ಹೊಂಟಾಳ. ಈ ವಯಸ್ಸಿನಾಗ ಹಡಗಿನ ಪ್ರಯಾಣ. ಹೋದಾಕಿ ಬರ್ತಾಳೋ ಇಲ್ಲೋ, ಅಲ್ಲಾಹನಿಗೇ ಗೊತ್ತು."

ಅವನು ಗೋಡೆಯ ಮೇಲಿನ ಫೋಟೋಗಳ ಕಡೆ ಕೈ ತೋರಿಸಿದ.

"ನಮ್ಮ ಅಬ್ಬಾಂದು ಒಂದು ಫೋಟೋನೂ ಇಲ್ಲ ನೋಡು. ಊರ ಮಂದೀದೆಲ್ಲಾ ತಗದೀನಿ, ಅಬ್ಬಾನ ಮುಖ ನಂಗ ನೆನಪಾಗವಲ್ದು. ಅಮ್ಮೀದರೆ ಇರ್ಲಿ. ಹೊಸ್ತಿಲಾ ದಾಟಿ ನಡಕೋತ ಹೋಗೋದು, ಮೋಟಾರು ಹತ್ತೋದು... ಎರಡು ನಿಮಿಷ ಸಾಕಾಗತೈತಿ." ಆಮೇಲೆ ನನ್ನ ಮುಖ ನೋಡಿದ. ನನ್ನ ಮುಖದಲ್ಲಿ ಹಿಮಾಲಯ ಕರಗಿ ನೀರಾಗುತ್ತಿತ್ತು. ಅವನ ಮನಸ್ಸೂ ಕರಗಿತು. "ಆತು, ಎರಡು ನಿಮಿಷ ನಿಂದು. ಎರಡು ನಿಮಿಷ ಅಮ್ಮೀದು."

ಕ್ಯಾಮರಾದ ಮಗ್ಗುಲಲ್ಲಿ ಒಂದು ಸಣ್ಣ ಮುಳ್ಳು, ಎಷ್ಟು ಫಿಲಂ ಓಡಿತು ಅಂತ ತೋರಿಸುವುದು. ಅರ್ಧಕ್ಕೆ ಸರಿಯಾಗಿ ಹುಸೇನಸಾಬ ಅಲ್ಲಿ ಕುಂಕುಮದಷ್ಟು ಕೆಂಪು ಬಣ್ಣ ಹಚ್ಚಿದ. "ಮುಳ್ಳು ಇಲ್ಲಿಗೆ ಬಂತೋ, ಕ್ಯಾಮರಾ ಚೀಲದಾಗ. ಖುದಾನ ಆಣೆ."

"ಮಲ್ಲಯ್ಯನ ಆಣೆ," ಅಂದೆ ನಾನು. ಎರಡು ದೇವರು ಸಾಕ್ಷಿಯಾದರು.

ಮನೆಗೆ ಬಂದು ನೀಲಮ್ಮನಿಗೆ ಕ್ಯಾಮರಾ ತೋರಿಸಿದೆ. ಅರ್ಧ ರೀಲಿನ ವಿಷಯ ಮಾತ್ರ ಹೇಳಲಿಲ್ಲ. ಹೇಳಿದರೆ ಅವಳು "ಅದನ್ನೂ ಅವರಿಗೇ ಬಿಡ್ರಿ, ಮುದುಕೀ ಚಂದಾಗಿ ಬರ್ಲಿ" ಅನ್ನುತ್ತಾಳೆಂದು ನನಗೆ ಗೊತ್ತಿತ್ತು. "ಇಡೀ ರೀಲು ನಮ್ಮದೇ," ಅಂದುಬಿಟ್ಟೆ. ಸಣ್ಣ ಸುಳ್ಳು. ನೆಗ್ಗಿಲ ಮುಳ್ಳಿನಷ್ಟು.

ಗುಡ್ಡ ಯಾವುದು? ಹಿಮಾಲಯ ರಜೆಯ ಅವಧಿಯಲ್ಲಿ ಮುಗಿಯುವಂತಿರಲಿಲ್ಲ. ಹೆಂಡತಿಯ ತವರು ಮಸ್ಕಿ. ಅಲ್ಲಿ ಗುಡ್ಡವಿದೆ, ಮೇಲೆ ಮಲ್ಲಯ್ಯನ ಗುಡಿ ಇದೆ, ಕೆಳಗೆ ಅತ್ತೆಯ ಕೈಯ ಅಡಿಗೆ ಇದೆ. ಎಂಥ ಪರ್ವತಾರೋಹಿಗೂ ಇದಕ್ಕಿಂತ ಅನುಕೂಲದ ಠಿಕಾಣಿ ಸಿಗಲಾರದು. ಮೋಟಾರಿನಲ್ಲಿ ಹೋಗುವಾಗ ಕ್ಯಾಮರಾವನ್ನು ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡು ಕಣ್ಣು ಮುಚ್ಚಿದೆ. ಬಿಳೀ ಪರದೆ, ಪರದೆಯ ಮೇಲೆ ನಾನು, ಕತ್ತಲಲ್ಲಿ ಕೂತ ಜನ, "ಅಬ್ಬಾ!" ಅನ್ನುವ ಒಂದು ಉದ್ಗಾರ. ಸಂತೆಕಲ್ಲೂರು ಯಾವಾಗ ದಾಟಿತೋ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ನಾನು ಸಿದ್ಧನಾಗಿ ಪಡಸಾಲೆಗೆ ಬಂದೆ. ಇಸ್ತ್ರಿ ಮಾಡಿದ ಕರೀ ಶೇರ್ವಾನಿ, ತಲೆಗೆ ಟೋಪಿ, ಕಾಲಿಗೆ ಮಿಂಚುವ ಬೂಟು, ಕೊರಳಿಗೆ ಉಣ್ಣೆಯ ಮಫ್ಲರು. ಮಳೆಗಾಲ ಮುಗಿದು ಬಿಸಿಲು ಚುರುಗುಡುತ್ತಿದ್ದ ದಿನ ಅದು. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಮಗಳ ಕಿವಿಯಲ್ಲಿ ಊರಿಗೆಲ್ಲ ಕೇಳುವಂತೆ ಕೇಳಿದರು:

"ಅಳಿಯಂದಿರಿಗೆ ಥಂಡಿ ಜ್ವರ ಏನ?"

"ಅಲ್ಲಬೇ. ಗುಡ್ಡ ಹತ್ತತಾರಂತ."

"ಹರಕಿ ಹೊತ್ತಾರೇನ?"

"ಹರಕಿ ಅಲ್ಲಬೇ, ಹವ್ಯಾಸ."

"ಹಂಗಂದ್ರ?"

"ಒಂದು ನಮೂನಿ ರೋಗ," ಅಂದಳು ನೀಲಮ್ಮ, ರೊಟ್ಟಿಯ ಗಂಟು ಕಟ್ಟುತ್ತ.

ಹೊರಟೆವು. ನಾನು ಕ್ಯಾಮರಾ ಹಿಡಿದಿದ್ದೆ. ಉಳಿದ ಸಣ್ಣಪುಟ್ಟ ಸಾಮಾನು, ಅಂದರೆ ಮೂರು ಕಾಲಿನ ಸ್ಟ್ಯಾಂಡು, ನೀರಿನ ಹೂಜಿ, ರೊಟ್ಟಿ ಗಂಟು, ನನ್ನ ಕೊಡೆ, ನೀಲಮ್ಮ ಹಿಡಿದಿದ್ದಳು. ಮಸ್ಕಿ ಗುಡ್ಡ ಅಂದರೆ ಬಂಡೆಗಳ ರಾಶಿ. ಯಾರೋ ಆಡಿ ಬಿಟ್ಟುಹೋದ ಗೋಲಿಗಳಂತೆ ಒಂದರ ಮೇಲೊಂದು ಕೂತಿವೆ. ಸಂದಿಗಳಲ್ಲಿ ಹುಲ್ಲು ಇನ್ನೂ ಹಸಿರಾಗಿತ್ತು. ಬೆಳಗಿನ ಬಿಸಿಲಿಗೆ ಬಂಡೆಗಳು ಹೊನ್ನಿನ ಬಣ್ಣಕ್ಕೆ ತಿರುಗಿದ್ದವು. ಮೇಲಿನಿಂದ ಗುಡಿಯ ಗಂಟೆ, ಎಲ್ಲೋ ನೀರಿನೊಳಗಿಂದ ಬಂದಂತೆ, ಒಮ್ಮೆ ಕೇಳಿ ಸುಮ್ಮನಾಯಿತು. ನನಗೆ ಮೈ ಜುಮ್ಮೆಂದಿತು.

"ಇಲ್ಲೇ," ಅಂದೆ.

"ಇನ್ನೂ ಬುಡದಾಗ ಅದೀವ್ರಿ."

"ಸಿನಿಮಾದಾಗ ಬುಡ, ತುದಿ ಅಂತ ಇರಂಗಿಲ್ಲ. ಎಲ್ಲಾ ಕ್ಯಾಮರಾ ಹೇಳಿದಂಗ."

ಸ್ಟ್ಯಾಂಡ್ ನಿಲ್ಲಿಸಿ, ಕ್ಯಾಮರಾ ಕೂಡಿಸಿ, ಚಾವಿ ತುಂಬಿಸಿದೆ. ಗುಂಡಿಯನ್ನು ಒತ್ತಿ ಸಿಕ್ಕಿಸಿಟ್ಟರೆ ಅದು ತಾನೇ ಓಡುತ್ತಿರುತ್ತದೆ. ಅಷ್ಟರಲ್ಲಿ ನಾನು ಓಡಿಹೋಗಿ, ಮೂವತ್ತು ಮಾರು ದೂರದ ದೊಡ್ಡ ಬಂಡೆಯ ಹತ್ತಿರ ನಿಂತು, ತಿರುಗಿ, ಗಂಭೀರವಾಗಿ ಹತ್ತಲು ಶುರು ಮಾಡುವುದು. ಇದು ನನ್ನ ಯೋಜನೆ.

"ನಾ ಒತ್ತತೀನಿ ಕೊಡ್ರಿ. ನೀವು ಮೊದಲೇ ಹೋಗಿ ನಿಂದರ್ರಿ," ಅಂದಳು ನೀಲಮ್ಮ.

ನಾನು ಮುಗುಳ್ನಕ್ಕೆ. ಆ ನಗೆಗೆ ನನಗೆ ಶಿಕ್ಷೆ ಆಗಬೇಕಿತ್ತು, ಆಯಿತು ಕೂಡ. "ನೀಲಾ, ಇದು ವಿಲಾಯತಿ ಯಂತ್ರ. ರೊಟ್ಟಿ ಹಂಚು ಅಲ್ಲ."

ಅವಳು ಒಂದು ಬಂಡೆಯ ನೆರಳಲ್ಲಿ ಹೋಗಿ ಕೂತು ಶೇಂಗಾ ಸುಲಿಯತೊಡಗಿದಳು.

ಗುಂಡಿ ಒತ್ತಿದೆ. ಓಡಿದೆ. ಶೇರ್ವಾನಿಯಲ್ಲಿ, ಮಿಂಚುವ ಬೂಟಿನಲ್ಲಿ, ಕಲ್ಲಿನ ಮೇಲೆ ಕಲ್ಲು ಹಾರಿ ಓಡಿದೆ. ಬಂಡೆ ಮುಟ್ಟಿ, ಉಸಿರು ನುಂಗಿ, ಮಫ್ಲರು ಸರಿಪಡಿಸಿಕೊಂಡು, ಗಂಭೀರವಾಗಿ ತಿರುಗಿದೆ.

ಸದ್ದೇ ಇಲ್ಲ. ಚಾವಿ ತೀರಿ ಕ್ಯಾಮರಾ ನಿಂತಿತ್ತು!

ಒಂದು ಸಲ ಚಾವಿ ಕೊಟ್ಟರೆ ಅರ್ಧ ನಿಮಿಷ ಓಡುತ್ತದೆ ಅಂತ ಹುಸೇನಸಾಬ ಹೇಳಿದ್ದು ನನಗೆ ನೆನಪಿತ್ತು. ಅರ್ಧ ನಿಮಿಷ ಎಷ್ಟು ಚಿಕ್ಕದು ಅಂತ ಯಾರೂ ಹೇಳಿರಲಿಲ್ಲ. ಎರಡನೇ ಸಲ ಇನ್ನೂ ಜೋರಾಗಿ ಓಡಿದೆ. ಟೋಪಿ ಹಾರಿ ಹೋಯಿತು. ಅದನ್ನು ಎತ್ತಿಕೊಳ್ಳಲು ಬಾಗಿದೆ, ಬಾಗಿದಲ್ಲೇ ಕರ್ರ್ ಸದ್ದು ನಿಂತಿತು. ಮೂರನೇ ಸಲ ಟೋಪಿಯನ್ನು ಬಲಗೈಯಲ್ಲಿ ಅದುಮಿಕೊಂಡು ಓಡಿದೆ. ಅರ್ಧ ದಾರಿಯಲ್ಲಿ ಒಂದು ಮೇಕೆ ಹಿಂಡು ಅಡ್ಡ ಬಂತು. ಮೇಕೆಗಳಿಗೆ ಸಿನಿಮಾದ ಬಗ್ಗೆ ಭಯಭಕ್ತಿ ಇರುವುದಿಲ್ಲ. ಒಂದು ಹೋತ ನನ್ನನ್ನು ನೋಡಿ, ಕ್ಯಾಮರಾವನ್ನು ನೋಡಿ, ನಡುವೆ ನಿಂತು ಬಾಲ ಎತ್ತಿ ಹಿಕ್ಕೆ ಹಾಕಿತು. ನಾಲ್ಕನೇ ಸಲ ಯೋಜನೆ ಬದಲಿಸಿ, ಹತ್ತಿರದ ಬಂಡೆಯೇ ಸಾಕೆಂದು ಐದೇ ಹೆಜ್ಜೆ ಇಟ್ಟು ತಿರುಗಿದೆ. ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ಮಫ್ಲರು ಜಾಲಿ ಮುಳ್ಳಿಗೆ ಸಿಕ್ಕಿ, ಯಾರೋ ಹಿಂದಿನಿಂದ ಕೊರಳು ಹಿಡಿದಂತಾಗಿ, ಉಳಿದ ಸಮಯವೆಲ್ಲ ಕ್ಯಾಮರಾಕ್ಕೆ ಬೆನ್ನು ಕೊಟ್ಟು ಜಾಲಿಯ ಜೊತೆ ಗುದ್ದಾಡಿದೆ.

ಮುಳ್ಳು ನೋಡಿದೆ. ಮಫ್ಲರಿನ ಮುಳ್ಳಲ್ಲ, ಕ್ಯಾಮರಾದ್ದು. ಅದು ಕೆಂಪು ಬೊಟ್ಟಿನ ಮೇಲೆ ಸರಿಯಾಗಿ ನಿಂತಿತ್ತು.

ಓದುಗರೇ, ನಾನು ಕೆಟ್ಟವನಲ್ಲ. ಕ್ಯಾಮರಾವನ್ನು ಚೀಲಕ್ಕೆ ಹಾಕಲು ಕೈ ಚಾಚಿದೆ. ಆಗ ಗಾಳಿ ಬೀಸಿತು. ಮೇಲೆ, ಆನೆ ಕೂತಂಥ ಒಂದು ಬಂಡೆಯ ಹಿಂದಿನಿಂದ ಬಿಳೀ ಮೋಡದ ತುಣುಕೊಂದು ತೇಲಿ ಬಂತು. ಆ ಬಂಡೆಯ ತಲೆಯ ಮೇಲೆ ಒಬ್ಬ ಮನುಷ್ಯ ನಿಂತಿದ್ದಾನೆ ಅಂತ ನನಗೆ ಕಂಡಿತು. ಹಿಂದೆ ಮೋಡ, ಸುತ್ತ ಆಕಾಶ, ಕೆಳಗೆ ಇಡೀ ಮಸ್ಕಿ. ಆ ಮನುಷ್ಯ ನಾನೇ. ಹುಸೇನಸಾಬನ ತಾಯಿ ಹೊಸ್ತಿಲು ದಾಟಲು ಎರಡು ನಿಮಿಷ ಯಾಕೆ ಬೇಕು? ಹೊಸ್ತಿಲು ಎಷ್ಟು ಅಗಲ ಇರುತ್ತದೆ? ಒಂದೂವರೆ ನಿಮಿಷ ಧಾರಾಳ!

"ಇದೊಂದೇ ಸಲ," ಅಂದೆ ಗಟ್ಟಿಯಾಗಿ.

"ಯಾರಿಗೆ ಹೇಳಾಕತ್ತೀರಿ?" ಅಂದಳು ನೀಲಮ್ಮ.

ಕ್ಯಾಮರಾವನ್ನು ಬಂಡೆಯ ಕಡೆ ತಿರುಗಿಸಿ, ಗುಂಡಿ ಒತ್ತಿ ಓಡಿದೆ. ಬಂಡೆಯ ಒಂದು ಮಗ್ಗುಲು ಇಳಿಜಾರಾಗಿತ್ತು. ಕನಸಿನ ಬಲವೋ ಏನೋ, ಸರಸರ ಹತ್ತಿಬಿಟ್ಟೆ. ತುದಿಯಲ್ಲಿ ನಿಂತೆ. ಬಲಗೈಯನ್ನು ಹುಬ್ಬಿನ ಮೇಲೆ ಇಟ್ಟು ದಿಗಂತ ನೋಡಿದೆ. ಗಾಳಿ ಮಫ್ಲರನ್ನು ಎತ್ತಿ ಹಿಡಿಯಿತು. ದೂರದಲ್ಲಿ ಹೊಲಗಳು ನೀರಿನಂತೆ ಅಲುಗುತ್ತಿದ್ದವು. ನಾನು ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ಗೊತ್ತಿಲ್ಲ. ಜನ್ಮ ಸಾರ್ಥಕವಾಗುತ್ತಿತ್ತು.

ಕೆಳಗಿನಿಂದ ದನಿ ಬಂತು. "ರೀ! ಅದರ ಕರ್‌ಕರ್ ನಿಂತು ಭಾಳೊತ್ತಾತು! ರೊಟ್ಟಿ ತಿನ್ನಾಕ ಬರ್ರಿ!"

ಬರಬೇಕೆಂದು ಕೆಳಗೆ ನೋಡಿದೆ. ಆಗ ಒಂದು ಭೌಗೋಳಿಕ ಸತ್ಯ ನನಗೆ ಗೋಚರಿಸಿತು. ಹತ್ತುವಾಗ ಕಣ್ಣು ಮೇಲೆ ಇರುತ್ತದೆ, ಇಳಿಯುವಾಗ ಕಣ್ಣು ಕೆಳಗೆ ಇರುತ್ತದೆ! ಇಳಿಜಾರು ಅಂದುಕೊಂಡದ್ದು ಈಗ ಗೋಡೆಯಾಗಿತ್ತು. ಬೂಟಿನ ಹೊಸ ಅಟ್ಟೆ ಎಣ್ಣೆ ಸವರಿದಂತೆ ಜಾರುತ್ತಿತ್ತು. ಕಾಲು ಇಟ್ಟೆ, ಜಾರಿತು, ಎಳೆದುಕೊಂಡೆ. ಮೆಲ್ಲಗೆ ಕೂತೆ. ಆಮೇಲೆ ಬಂಡೆಯನ್ನು ತಬ್ಬಿಕೊಂಡೆ.

"ನೀಲಾ..."

"ಏನ್ರೀ?"

"ಇಳಿಯಾಕ ಬರವಲ್ದು."

ಆ ಹೊತ್ತಿಗೆ ಮೇಕೆಗಳ ಒಡತಿ ಬಂದಳು. ಹುಲಿಗೆವ್ವ ಅಂತ, ಎಪ್ಪತ್ತು ದಾಟಿದ ಮುದುಕಿ, ಕೈಯಲ್ಲಿ ಕೋಲು, ಕಾಲಿಗೆ ಏನೂ ಇಲ್ಲ. ಬಂಡೆಯ ಕೆಳಗೆ ನಿಂತು ನನ್ನನ್ನು ನೋಡಿದಳು.

"ಯಾಕಪ್ಪಾ ತಮ್ಮಾ, ಅಲ್ಲಿ ಯಾಕ ಕುಂತೀ?"

"ಗುಡ್ಡ ಹತ್ತೀನಿ ಯವ್ವಾ."

"ಗುಡ್ಡ ಮ್ಯಾಲೈತಿ. ಇದು ಕಲ್ಲು."

ನೀಲಮ್ಮ ವಿಷಯ ಹೇಳಿದಳು. ಮುದುಕಿ ಕೋಲು ಕೆಳಗಿಟ್ಟು, ಸೀರೆ ಕಚ್ಚೆ ಬಿಗಿದು, ಮನೆಯ ಮೆಟ್ಟಿಲು ಹತ್ತುವಂತೆ ಬಂಡೆ ಹತ್ತಿ ನನ್ನ ಕಾಲಿನ ಕೆಳಗೆ ಬಂದು ನಿಂತಳು. "ಬೂಟು ಬಿಚ್ಚು. ಹೂಂ. ಈಗ ಕಣ್ಣು ಮುಚ್ಚು. ಕುಂಡಿ ಊರು. ಕಾಲು ನನ್ನ ಕೈಯಾಗ ಕೊಡು. ಮೆಲ್ಲಕ ಜಾರು."

"ಯವ್ವಾ, ಬೀಳ್ತೀನಿ!"

"ಬೀಳಂಗಿಲ್ಲ. ನನ್ನ ಮರಿಗಳು ದಿನಾ ಹಿಂಗ ಸಿಗಬೀಳ್ತಾವು. ಅವು ಇಷ್ಟು ಒದರಂಗಿಲ್ಲ."

ಇಳಿದೆ. ಒಂದೊಂದು ಮೊಳಕ್ಕೂ ದೇವರ ಹೆಸರು ಹೇಳುತ್ತ, ಹಿಂದೆ ಶೇರ್ವಾನಿ ಪರ್ ಅಂತ ಹರಿಯುವುದನ್ನು ಕೇಳುತ್ತ, ಕಣ್ಣಲ್ಲಿ ನೀರು ತುಂಬಿ ಇಳಿದೆ. ಆದರೆ ಇನ್ನೊಂದು ಸದ್ದೂ ಕೇಳುತ್ತಿತ್ತು. ಕರ್ರ್... ನಿಂತಿತು. ಚಾವಿ ಕೊಡುವ ಕಟಕಟ. ಮತ್ತೆ ಕರ್ರ್... ನೆಲ ಮುಟ್ಟಿ ಕಣ್ಣು ಬಿಟ್ಟಾಗ ನೀಲಮ್ಮ ವಿಲಾಯತಿ ಯಂತ್ರದ ಹಿಂದೆ ನಿಂತಿದ್ದಳು, ಒಂದು ಕಣ್ಣು ಮುಚ್ಚಿ, ನಗು ತಡೆಯಲಾರದೆ ಭುಜ ಕುಣಿಸುತ್ತ.

"ನೀವು ಅಷ್ಟೊತ್ತಿನಿಂದ ಒದ್ದಾಡಿದ್ರಿ, ಒಂದರೆ ಚಂದ ಬರ್ಲಿ ಅಂತ ತಗದೆ. ಮೂರು ಸಲ ಚಾವಿ ಕೊಟ್ಟೆ. ಈಗ ಒಳಗ ಏನೋ ಟಪ್ ಅಂತು."

ಮುಳ್ಳು ತುದಿಗೆ ಹೋಗಿ ನಿಂತಿತ್ತು. ರೀಲು ಮುಗಿದಿತ್ತು.

ನಾನು ಅಲ್ಲೇ ಕೂತುಬಿಟ್ಟೆ. ಆಗ ಹೇಳಲೇಬೇಕಾಯಿತು. ಎರಡು ನಿಮಿಷದ ಕರಾರು, ಅಮ್ಮಿಯ ಹಜ್ ಯಾತ್ರೆ, ಕೆಂಪು ಬೊಟ್ಟು, ಎಲ್ಲ. ನೀಲಮ್ಮನ ಮುಖದಿಂದ ನಗು ಇಳಿದು ಹೋಯಿತು. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಅಂದಳು:

"ಅವರ ತಾಯಿ ಮುಖ ಬರೋ ಫಿಲಮಿನಾಗ ನಿಮ್ಮ ಕುಂಡಿ ತಗಿಸಿದ್ರಲ್ರೀ, ನನ್ನ ಕೈಲೆ!"

ಹುಲಿಗೆವ್ವ ನಮ್ಮ ರೊಟ್ಟಿ ಗಂಟಿನಿಂದ ಒಂದು ರೊಟ್ಟಿ ತಿಂದು, ಗುಡಿಯ ಕಡೆ ಮೇಕೆಗಳನ್ನು ಹೊಡೆದುಕೊಂಡು ಹೋದಳು. ನಾವು ಇಳಿದೆವು. ಇಳಿಯುವುದೇನು, ಬುಡದಲ್ಲೇ ಇದ್ದೆವಲ್ಲ!

ಸಿಂಧನೂರಿಗೆ ಹೋಗುವ ಮೋಟಾರಿನಲ್ಲಿ ನಾನು ಬಗೆಬಗೆಯ ಕಾರಣ ಹೊಲಿದೆ. ಫಿಲಂ ಹಳೆಯದಿತ್ತು. ಬಿಸಿಲಿಗೆ ಕರಗಿತು. ಹೋತ ತಿಂದಿತು. ಕಿಟಕಿಯಾಚೆ ಸಜ್ಜೆಯ ತೆನೆಗಳು ತಲೆಯಾಡಿಸುತ್ತಿದ್ದವು. ಯಾವ ಕಾರಣಕ್ಕೂ ಅವು ಹೂಂ ಅನ್ನಲಿಲ್ಲ.

ಹುಸೇನಸಾಬನ ಮನೆ ತುಂಬ ನೆಂಟರು. ಅಂಗಳದಲ್ಲಿ ಹೊರಸಿನ ಮೇಲೆ ಅಮ್ಮಿ ಕೂತಿದ್ದರು, ಒಗೆದ ಬಿಳೀ ಓಢಣಿಯೊಳಗೆ ಒಣಗಿದ ಅಂಜೂರದಂಥ ಸಣ್ಣ ಮುಖ. ಹುಸೇನಸಾಬ ಓಡಿಬಂದ. "ಬಾ ಮಾಸ್ತರ್! ನಾಳೆ ಮುಂಜಾನೆ ಹೊರಡೋದು. ಬೆಳಕು ಎಲ್ಲಿ ಚಲೋ ಬೀಳತೈತಿ ಅಂತ ನೋಡಿಟ್ಟೀನಿ. ಕ್ಯಾಮರಾ ಎಲ್ಲಿ?"

"ಹುಸೇನಾ, ಏನಾತಂದ್ರ, ಆ ಬಿಸಿಲಿಗೆ..." ಅಂತ ಶುರು ಮಾಡಿದೆ.

"ಅಣ್ಣಾ," ನೀಲಮ್ಮ ನಡುವೆ ಬಂದಳು. "ಬಿಸಿಲಲ್ಲ. ನಾವೇ ಇಡೀ ರೀಲು ತೀರಿಸಿ ಬಂದೀವಿ. ತಪ್ಪಾತು."

ಹುಸೇನಸಾಬ ಕ್ಯಾಮರಾ ಕೈಗೆ ತೆಗೆದುಕೊಂಡ. ಮುಳ್ಳು ನೋಡಿದ. ಅದರ ಮೇಲೆ ಕೂತಿದ್ದ ಮಸ್ಕಿಯ ಧೂಳನ್ನು ಅಂಗಿಯ ತುದಿಯಿಂದ ಒರೆಸಿದ. ನನ್ನ ಮುಖ ನೋಡಲಿಲ್ಲ. ಫೋಟೋ ತೊಳೆಯುವ ಕತ್ತಲ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ನನ್ನ ಜೀವನದಲ್ಲಿ ಆ ಬಾಗಿಲಿನಷ್ಟು ಎತ್ತರದ ಗುಡ್ಡವನ್ನು ನಾನು ನೋಡಿಲ್ಲ.

ಅಮ್ಮಿ ಕೈಸನ್ನೆ ಮಾಡಿ ಕರೆದರು. ಹೋಗಿ ಅವರ ಕಾಲ ಹತ್ತಿರ ಕೂತೆ. ಎಲ್ಲ ಒಪ್ಪಿಸಿದೆ. ಟೋಪಿ, ಹೋತ, ಜಾಲಿ, ಬಂಡೆ, ಏನೂ ಬಿಡಲಿಲ್ಲ. ಹರಿದ ಶೇರ್ವಾನಿಯನ್ನೂ ತಿರುಗಿ ತೋರಿಸಿದೆ. ಅವರು ಓಢಣಿಯ ಸೆರಗು ಬಾಯಿಗೆ ಒತ್ತಿಕೊಂಡರು. ಅಳುತ್ತಿದ್ದಾರೆ ಅಂದುಕೊಂಡೆ. ನಗುತ್ತಿದ್ದರು.

"ಯಾ ಅಲ್ಲಾ! ಆ ಡಬ್ಬಿ ಮುಂದ ಹೆಂಗ ನಡೀಬೇಕು ಅಂತ ನಂಗ ಎಂಟು ದಿನದಿಂದ ನಿದ್ದಿ ಇಲ್ಲ ಬೇಟಾ. ಹಿಂಗ ನಡಿ ಅಮ್ಮೀ, ಹಂಗ ತಿರಗು ಅಮ್ಮೀ. ತಲಿ ತಿಂದಾನ." ಆಮೇಲೆ ನಗು ನಿಲ್ಲಿಸಿ ಕತ್ತಲ ಕೋಣೆಯ ಕಡೆ ನೋಡಿದರು. ಎದ್ದು, ಗೋಡೆ ಹಿಡಿದು ಹೋಗಿ, ಬಾಗಿಲಿಗೆ ಮುಖ ಹಚ್ಚಿ ಮಾತಾಡಿದರು.

"ಹುಸೇನಾ, ನಲವತ್ತು ವರ್ಷದಿಂದ ಇದೇ ಮನ್ಯಾಗ ಅದೀನಿ. ನೀ ಯಾವಾಗರೆ ನನ್ನ ಮುಖ ನೋಡೀಯೇನು? ಕರೀ ಬಟ್ಟಿಯೊಳಗ ತಲಿ ಹಾಕಿ ಊರ ಮಂದೀ ಮುಖ ನೋಡಿದಿ. ಇನ್ನ ಒಂದು ದಿನ ಐತಿ. ಹೊರಗ ಬಾ. ಕಣ್ಣಿಲೆ ನೋಡು."

ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಹುಸೇನಸಾಬ ಬಂದು ಹೊರಸಿನ ಮುಂದೆ ನೆಲದ ಮೇಲೆ ಕೂತ. ಇಡೀ ಮಧ್ಯಾಹ್ನ ಕೂತೇ ಇದ್ದ. ಅಮ್ಮಿ ಅಡಿಕೆ ಕತ್ತರಿಸುತ್ತ ಅದೂ ಇದೂ ಹೇಳುತ್ತಿದ್ದರು. ಅವನು ಹುಬ್ಬಿನ ಮೇಲಿನ ಒಂದು ಹಳೇ ಗಾಯದ ಗುರುತು ತೋರಿಸಿ ಇದು ಯಾವಾಗಿಂದು ಅಂತ ಕೇಳಿದ. "ನೀ ಹುಟ್ಟೋಕಿಂತ ಮೊದಲಿಂದು," ಅಂದರು ಅಮ್ಮಿ. ಬೇವಿನ ನೆರಳು ಅವರಿಬ್ಬರ ಮೇಲೆ ನಿಧಾನವಾಗಿ ಸರಿಯುತ್ತಿತ್ತು. ನೆಂಟರು ಕೂಡ ಕಾಲು ಸದ್ದು ಮಾಡದೆ ಓಡಾಡಿದರು.

ಮರುದಿನ ಮುಂಜಾನೆ ಅಮ್ಮಿ ಹೊಸ್ತಿಲು ದಾಟಿದಾಗ ಹುಸೇನಸಾಬನ ಕೈಯಲ್ಲಿ ಕ್ಯಾಮರಾ ಇರಲಿಲ್ಲ. ಅಮ್ಮಿಯ ಕೈ ಇತ್ತು. ಮೋಟಾರು ಹತ್ತುವ ತನಕ ಬಿಡಲಿಲ್ಲ. ನಾನು ರೀಲು ಮುಗಿಸದಿದ್ದರೆ ಈ ಮನುಷ್ಯ ಈಗ ಒಂದು ಕಣ್ಣು ಮುಚ್ಚಿಕೊಂಡು ಡಬ್ಬಿಯ ಹಿಂದೆ ನಿಂತಿರುತ್ತಿದ್ದ ಅನ್ನಿಸಿತು. ಯಾವುದೋ ಒಂದು ಹಿರಿಯ ಕೆಲಸ ನನ್ನಿಂದ ನಡೆದುಹೋಯಿತಲ್ಲ ಅಂತ ಎದೆ ಸ್ವಲ್ಪ ಉಬ್ಬಿತು.

ನೀಲಮ್ಮ ಪಕ್ಕದಿಂದ ಪಿಸುಗುಟ್ಟಿದಳು. "ಉಪಕಾರ ಮಾಡೀನಿ ಅಂತ ಅನ್ಕೊಬ್ಯಾಡ್ರಿ."

ಉಬ್ಬಿದ್ದು ಇಳಿಯಿತು.

ರೀಲು ತೊಳೆದು ಬರಲು ಮುಂಬೈಗೆ ಹೋಯಿತು. ಅದು ವಾಪಸು ಬರುವ ಹೊತ್ತಿಗೆ ಅಮ್ಮಿಯೂ ವಾಪಸು ಬಂದಿದ್ದರು. ಹೋದದ್ದಕ್ಕಿಂತ ಗಟ್ಟಿಯಾಗಿ, ಖರ್ಜೂರ ಮತ್ತು ಪವಿತ್ರ ಜಮ್‌ಜಮ್ ನೀರಿನೊಂದಿಗೆ. ಹುಸೇನಸಾಬ ಅಷ್ಟರಲ್ಲಿ ನನ್ನ ಜೊತೆ ಮಾತು ಶುರು ಮಾಡಿದ್ದ. "ಬಾ, ನಿನ್ನ ಹಿಮಾಲಯ ಬಂದೈತಿ," ಅಂತ ಕಾಗದ ಬರೆದ.

ಸೂರ್ಯ ಮುಳುಗಿದ ಮೇಲೆ ಅವನ ಅಂಗಳದಲ್ಲಿ ಬಿಳೀ ಚಾದರ ಕಟ್ಟಿದರು. ಮೋಟಾರಿನ ಬ್ಯಾಟರಿಯಿಂದ ಮಷೀನಿಗೆ ದೀಪ ಹತ್ತಿಸಿದರು. ಓಣಿಯ ಜನವೆಲ್ಲ ಸೇರಿತು. ನಾನು ಹರಿದಲ್ಲಿ ಹೊಲಿಸಿದ ಶೇರ್ವಾನಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತೆ.

ಚಾದರದ ಮೇಲೆ ಒಬ್ಬ ಮನುಷ್ಯನ ಬೆನ್ನು ಕಂಡಿತು. ಅದು ಓಡುತ್ತಿತ್ತು. ಮತ್ತೆ ಬೆನ್ನು. ಓಡಿತು, ಬಾಗಿತು. ಮತ್ತೆ ಬೆನ್ನು, ಸುತ್ತ ಮೇಕೆಗಳು. ಜಾಲಿಯ ಜೊತೆ ಬೆನ್ನು. ಚಾದರದ ಮೂಲೆಯಲ್ಲಿ ನೀಲಮ್ಮ ನೆರಳಲ್ಲಿ ಕೂತು ಶೇಂಗಾ ಸುಲಿಯುತ್ತ ನಗುತ್ತಿದ್ದಳು, ರಾಣಿಯಂತೆ. ಜನ ಅವಳನ್ನೇ ನೋಡುತ್ತಿದ್ದರು.

"ಯಾರ್ ಬೇಟಾ ಈ ಆದ್ಮಿ?" ಅಮ್ಮಿ ಕೇಳಿದರು. "ಪಾಪ, ಯಾರದೋ ಮನ್ಯಾಗ ಕದ್ದು ಓಡಾಕತ್ತಾನೇನು?"

ಆಮೇಲೆ ಬಂಡೆ. ನೀಲಮ್ಮ ತೆಗೆದದ್ದು ಎಷ್ಟು ಸ್ಪಷ್ಟ, ಎಷ್ಟು ಸ್ಥಿರ! ನನ್ನ ಮುಖ, ಮುಖದ ಮೇಲಿನ ಕಣ್ಣೀರು, ಹುಲಿಗೆವ್ವನ ಕೈಯಲ್ಲಿ ನನ್ನ ಪಾದ, ಒಂದೊಂದೂ ಕೆತ್ತಿದಂತೆ. ಅಂಗಳ ನಕ್ಕು ನಕ್ಕು ನೆಲಕ್ಕೆ ಬಿತ್ತು. ಹುಸೇನಸಾಬ ಮಷೀನಿನ ಹಿಡಿಕೆ ಬಿಟ್ಟು ಹೊಟ್ಟೆ ಹಿಡಿದುಕೊಂಡ.

"ಮತ್ತೊಮ್ಮೆ ತೋರಸು!" ಅಂದರು ಅಮ್ಮಿ.

ಮತ್ತೊಮ್ಮೆ ತೋರಿಸಲು ರೀಲು ಹಿಂದಕ್ಕೆ ಸುತ್ತಬೇಕು. ಹುಸೇನಸಾಬ ಹಿಡಿಕೆಯನ್ನು ಉಲ್ಟಾ ತಿರುಗಿಸಿದ, ದೀಪ ಆರಿಸುವುದನ್ನು ಮರೆತ.

ಅಂಗಳ ತಟ್ಟನೆ ಸುಮ್ಮನಾಯಿತು. ಚಾದರದ ಮೇಲೆ ನಾನು ಬಂಡೆಯ ಬುಡದಲ್ಲಿದ್ದೆ. ಕಣ್ಣೀರು ಕೆನ್ನೆಯಿಂದ ಕಣ್ಣಿಗೆ ಏರಿತು. ಹರಿದ ಶೇರ್ವಾನಿ ತಾನೇ ಕೂಡಿಕೊಂಡಿತು. ಆಮೇಲೆ ನಾನು ಮೆಲ್ಲಗೆ, ಒಂದು ಗರಿಯಂತೆ, ಹೊಗೆಯಂತೆ, ಯಾವ ಆಯಾಸವೂ ಇಲ್ಲದೆ ಮೇಲಕ್ಕೆ ಏರತೊಡಗಿದೆ. ಬಂಡೆ ನನ್ನನ್ನು ತಾನೇ ಎತ್ತಿಕೊಳ್ಳುತ್ತಿತ್ತು. ಏರಿದೆ, ಏರಿದೆ, ತುದಿ ಮುಟ್ಟಿದೆ. ಮುದುಕಿ ನನ್ನನ್ನು ಅಲ್ಲಿ ಬಿಟ್ಟು ಹಿಂದಕ್ಕೆ ಇಳಿದು ಹೋದಳು. ಹಿಂದೆ ಮೋಡ, ಸುತ್ತ ಆಕಾಶ. ಯಾರೋ "ಅಬ್ಬಾ!" ಅಂದರು.

ನನ್ನ ಕಣ್ಣು ಒದ್ದೆಯಾಯಿತು. "ನೋಡಿದೇನ ನೀಲಾ? ಹತ್ತಿದೆ!" ಅಂದೆ.

"ನೋಡಿದೆ," ಅಂದಳು. "ಆದ್ರ ಮಂದಿ ಕಾಲಿಲೆ ಹತ್ತತಾರ. ನೀವು ಕುಂಡೀಲೆ ಹತ್ತೀರಿ."